ಕಟ್ಟಿದ ನೀರು

ನಾಂಪಲ್ಲಿ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಅವರು ಸಂಜೆ ಐದೂವರೆಗೇ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚುತ್ತಿದ್ದರು. ಊರಿನಲ್ಲಿ ಈ ಅಭ್ಯಾಸ ಇರಲಿಲ್ಲ. ಸಿಂಧನೂರು ತಾಲ್ಲೂಕಿನ ಅವರ ಹಳ್ಳಿಯಲ್ಲಿ ಹಿತ್ತಲು ಮುಗಿದಲ್ಲಿ ನೆಲ್ಲಿನ ಮಡಿ ಶುರುವಾಗುತ್ತದೆ. ಹೊತ್ತು ಮುಳುಗುವಾಗ ಸೊಳ್ಳೆ ಏಳುವುದು, ದನ ಕೊಟ್ಟಿಗೆಗೆ ಬರುವಷ್ಟೇ ಸಹಜ. ಈಗ ಏಳು ವರ್ಷದ ಮೊಮ್ಮಗಳು ಹತ್ತಿರದ ಆಸ್ಪತ್ರೆಯಲ್ಲಿ ಹನ್ನೊಂದು ದಿನದಿಂದ ಮಲಗಿದ್ದಳು. ಮೊದಲು ಜ್ವರ, ಆಮೇಲೆ ಫಿಟ್ಸ್, ಆಮೇಲೆ ಎರಡು ದಿನ ಎಚ್ಚರವೇ ಇಲ್ಲ. ಬೆನ್ನುಹುರಿಯ ನೀರು ಪರೀಕ್ಷಿಸಿದ ವೈದ್ಯರು ಜಪಾನೀಸ್ ಎನ್ಸೆಫಲೈಟಿಸ್ ಎಂದರು. ಊರಿನವರಿಗೆ ಅದು ಮೆದುಳು ಜ್ವರ.

ಮನೆಯ ಹತ್ತಿರ ನೀರು ನಿಲ್ಲುತ್ತದೆಯೇ ಎಂದು ವೈದ್ಯರು ತೆಲುಗಿನಲ್ಲಿ ಕೇಳಿದಾಗ ಅವರಿಗೆ ಏನು ಹೇಳಬೇಕೋ ತೋಚಲಿಲ್ಲ. ಆರು ಎಕರೆ ನೀರು ನಿಂತಿತ್ತು. ಅದನ್ನು ನಿಲ್ಲಿಸಿದವರೇ ಅವರು.

ಈ ಕಾಯಿಲೆಯ ವೈರಸ್ಸು ಬೆಳ್ಳಕ್ಕಿಗಳಲ್ಲೂ ಹಂದಿಗಳಲ್ಲೂ ಬೆಳೆಯುತ್ತದೆ. ಅಲ್ಲಿಂದ ಮನುಷ್ಯರಿಗೆ ತರುವ ಮುಖ್ಯ ಸೊಳ್ಳೆ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್. ಅದಕ್ಕೆ ಭತ್ತದ ಗದ್ದೆಯೇ ತವರು. 2006ರಲ್ಲಿ ಭಾರತ ಈ ರೋಗಕ್ಕೆ ಲಸಿಕೆಯ ಅಭಿಯಾನ ಆರಂಭಿಸಿದಾಗ ಮೊದಲ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. ಲಸಿಕೆ ಎರಡು ಡೋಸ್. ಮೊಮ್ಮಗಳಿಗೆ ಎರಡನೆಯದು ತಪ್ಪಿತ್ತು. ಆ ವರ್ಷ ಮಗ, ಸೊಸೆ ದುಡಿಯಲು ಬೆಂಗಳೂರಿಗೆ ಹೋಗಿದ್ದರು.

ಲಾಡ್ಜಿನ ಹುಡುಗ ಸೊಳ್ಳೆಯ ಮಾತು ಬಂದಾಗ ಬೇಗಂಪೇಟೆಯ ಕಡೆ ಕೈ ತೋರಿಸಿ ರೊನಾಲ್ಡ್ ರಾಸ್ ಹೆಸರು ಹೇಳಿದ. ಆ ಕಟ್ಟಡ ಇನ್ನೂ ಇದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್, ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡರು. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಹುಸೇನ್ ಖಾನನಿಗೆ ಒಂದೊಂದು ಆಣೆ ಸಿಕ್ಕಿತ್ತು. ಆ ರೋಗ ಬೇರೆ, ಆ ಸೊಳ್ಳೆಯೂ ಬೇರೆ. ಆದರೆ ರೋಗವನ್ನು ತಡೆಯಬೇಕಾದರೆ ನಿಂತ ನೀರನ್ನು ನೋಡಬೇಕು ಎಂಬ ದಾರಿ ಅಲ್ಲಿಂದಲೇ ಹೊರಟಿತು.

ಗದ್ದೆಯ ನೀರಿಗೆ ವಿಷ ಹಾಕದೆಯೂ ಸೊಳ್ಳೆ ತಗ್ಗಿಸಬಹುದು ಎಂಬುದು ಹೊಸ ಮಾತೇನಲ್ಲ. ರಾಕ್‌ಫೆಲ್ಲರ್ ಪ್ರತಿಷ್ಠಾನದ ಪಾಲ್ ರಸೆಲ್ ಮತ್ತು ಜೊತೆಗಾರರು ದಕ್ಷಿಣ ಭಾರತದ ಭತ್ತದ ಗದ್ದೆಗಳಿಗೆ ಬಿಟ್ಟು ಬಿಟ್ಟು ನೀರು ಹಾಯಿಸಿ ಮಲೇರಿಯಾ ತಡೆಯುವ ಬಗ್ಗೆ 1942ರಲ್ಲೇ ಬರೆದಿದ್ದರು. ಲೆಕ್ಕ ಸರಳ: ಮೊಟ್ಟೆ ಸೊಳ್ಳೆಯಾಗಿ ಹಾರಲು ಬೇಸಿಗೆಯಂಥ ಬಿಸಿಯಲ್ಲೂ ಒಂದು ವಾರಕ್ಕಿಂತ ಹೆಚ್ಚೇ ಬೇಕು. ಅಷ್ಟರೊಳಗೆ ಎರಡು ಮೂರು ದಿನ ಮಡಿ ಪೂರ್ತಿ ಆರಿದರೆ ಹುಳ ಸಾಯುತ್ತದೆ. ಹೆಜ್ಜೆ ಊರಿದ ಗುಳಿಯಲ್ಲೂ ನೀರು ಉಳಿಯಬಾರದು. ಹೂ ಬಿಡುವ ಹೊತ್ತಿಗೆ ಮಾತ್ರ ಭತ್ತ ಬಾಯಾರಬಾರದು. ಬೇವಿನ ಹಿಂಡಿ ಲೇಪಿಸಿದ ಯೂರಿಯಾ ಹಾಕಿ ನೀರನ್ನೂ ಹದದಲ್ಲಿಟ್ಟ ಗದ್ದೆಗಳಲ್ಲಿ ಕ್ಯೂಲೆಕ್ಸ್ ಹುಳ ಕಡಿಮೆಯಾದದ್ದನ್ನು ಮಧುರೆಯ ಸಂಶೋಧಕರು 1990ರ ದಶಕದಲ್ಲಿ ತೋರಿಸಿದರು. ಕೋಲಾರ ಜಿಲ್ಲೆಯ ಬಾವಿಗಳಲ್ಲಿ ಗಪ್ಪಿ ಮೀನು ಬಿಟ್ಟು ಮಲೇರಿಯಾ ಸೊಳ್ಳೆಯನ್ನು ಹತೋಟಿಗೆ ತಂದದ್ದೂ ಆ ಕಾಲದ್ದೇ. ಕೀಟನಾಶಕ ಸಿಂಪಡಿಸಿದರೆ ಸೊಳ್ಳೆಮರಿ ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆಗಳೂ ಸಾಯುತ್ತವೆ. ಕೆಲವೇ ದಿನಗಳಲ್ಲಿ ಸೊಳ್ಳೆ ಮತ್ತೆ ಬರುತ್ತದೆ. ಅವು ಅಷ್ಟು ಬೇಗ ಬರುವುದಿಲ್ಲ.

ಇಷ್ಟು ಸುಲಭವಾದದ್ದನ್ನು ಯಾಕೆ ಯಾರೂ ಮಾಡುವುದಿಲ್ಲ? ಉತ್ತರ ಆ ರಾತ್ರಿ ಮಗನ ಫೋನಿನಲ್ಲಿತ್ತು.

"ಯಪ್ಪಾ, ಕೆನಾಲಿಗೆ ನೀರು ಬಂದಾವ. ಮಡಿ ತುಂಬಸ್ಲೇನು?"

"ಇದ್ದ ನೀರು ತೆಗಿ. ಮೂರು ದಿನ ಆರಲಿ."

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ತೆಗದ ಮ್ಯಾಲೆ ನೀರು ಬರದಿದ್ರ?"

ತುಂಗಭದ್ರಾ ಎಡದಂಡೆ ಕಾಲುವೆಯ ಯಾವ ರೈತನೂ ಈ ಪ್ರಶ್ನೆ ದಾಟಿ ಬಂದಿಲ್ಲ. ಕಾಲುವೆ ಮಾಡಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ರಾಯಚೂರಿನ ಕಡೆಯ ಕೊನೆಭಾಗ ಬಾಯಿ ಬಿಟ್ಟು ಕೂತಿತು. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಎಷ್ಟೋ ಮನೆಗಳಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಹೀಗಿರುವಾಗ ಮಡಿಯಲ್ಲಿ ಕಟ್ಟಿದ ನೀರೆಂದರೆ ಬ್ಯಾಂಕಿನಲ್ಲಿಟ್ಟ ದುಡ್ಡು. ನಾಳೆಯ ನೀರಿನ ಮೇಲೆ ನಂಬಿಕೆ ಇಲ್ಲದವನು ಇವತ್ತಿನ ನೀರನ್ನು ಬಿಡುವುದಿಲ್ಲ. ಸೊಳ್ಳೆ ಹುಟ್ಟುವುದು ಆ ಅಪನಂಬಿಕೆಯಲ್ಲಿ.

ಇನ್ನೊಂದು ತೊಡಕೂ ಇತ್ತು. ನೀರು ಅವರ ಹೊಲಕ್ಕೆ ಬರುವುದು ಮೇಲಿನ ಹೊಲದಿಂದ, ಮಡಿಯಿಂದ ಮಡಿಗೆ. ತಾವು ಬಸಿದರೂ ಮೇಲಿನಿಂದ ಇಳಿಯುತ್ತಲೇ ಇರುತ್ತದೆ. ಸೊಳ್ಳೆಗೂ ಬದುವಿನ ಗುರುತಿಲ್ಲ, ಕಿಲೋಮೀಟರುಗಟ್ಟಲೆ ಹಾರುತ್ತದೆ. ಒಬ್ಬರ ಆರು ಎಕರೆ ಒಣಗಿದರೆ ಊರಿನ ಮಕ್ಕಳು ಉಳಿಯುವುದಿಲ್ಲ. ತೂಬಿನ ಕೆಳಗಿನವರೆಲ್ಲ ಒಟ್ಟಿಗೆ ಒಣಗಿಸಬೇಕು, ಇಂಥ ದಿನ ನೀರು ಮರಳಿ ಬರುತ್ತದೆಂದು ಕಾಲುವೆಯವರು ಹೇಳಿ, ಹೇಳಿದಂತೆ ಬಿಡಬೇಕು.

ಅವರು ಮೇಲಿನ ಹೊಲದವರಿಗೆ ಫೋನ್ ಮಾಡಿದರು.

"ಗೌಡ್ರ, ಮೂರು ದಿನ ನಿಮ್ಮ ಬದುವಿನ ಬಾಯಿ ಮುಚ್ಚಾಕ ಆಗ್ತದೇನ್ರಿ?"

ಆ ಕಡೆಯಿಂದ ಮೊದಲು ಬಂದದ್ದು ಬೇರೆ ಪ್ರಶ್ನೆ. "ಕೂಸು ಹ್ಯಾಂಗದ?"

"ಇವತ್ತು ಕಣ್ಣು ಬಿಟ್ಟಾಳ್ರಿ. ಬಲಗೈ ಇನ್ನ ಎತ್ತಾಣಿಲ್ಲ."

"ಮುಚ್ಚತೀನಿ. ಆದ್ರ ಕೆನಾಲ್ ಬಂದ್ ಆದ್ರ ನನ್ನ ಮ್ಯಾಲೆ ಹಾಕಬ್ಯಾಡ."

"ಹಾಕಾಂಗಿಲ್ರಿ" ಎಂದು ಅವರು ಮಗನಿಗೆ ಮತ್ತೆ ಫೋನ್ ಮಾಡಿದರು. ತೆನೆ ಬರಲು ಇನ್ನೂ ಮೂರು ವಾರವಿತ್ತು. ಕೆಳಗಿನ ಎರಡು ಮಡಿ ಮೊದಲು ಬಸಿ ಎಂದರು. ಅವು ಮನೆಯ ಹಿತ್ತಲಿಗೆ ಹತ್ತಿದವು.