ಪಟ್ಣದ ಸುತ್ತಲ ನೆಲ

ಶ್ರೀರಂಗಪಟ್ಟಣಕ್ಕೆ ಟ್ರಿಪ್ ಹೋಗದವರು ನಮ್ಮ ಕಾಲೇಜಲ್ಲಿ ಕಡಿಮೆ. ಕೋಟೆ, ಗುಂಬಜ್, ದರಿಯಾ ದೌಲತ್, ರಂಗನಾಥಸ್ವಾಮಿ ದೇವಸ್ಥಾನ, ಸಂಗಮ, ಸಂಜೆಗೆ ಬೃಂದಾವನ. ಫೋಟೋ ತೆಗೆದುಕೊಂಡು ಬಸ್ಸು ಹತ್ತಿದರೆ ಇತಿಹಾಸ ಮುಗೀತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಕಡೆಯಿಂದ ಬಂದಿರೋ ನಮಗೆ ಮಾತ್ರ ಒಂದು ಪ್ರಶ್ನೆ ಉಳಿದುಬಿಡುತ್ತೆ. ಅಷ್ಟು ದೊಡ್ಡ ರಾಜಧಾನಿ, ಅಷ್ಟು ಸೈನ್ಯ, ಅಷ್ಟು ಆನೆ ಕುದುರೆ. ಇವಕ್ಕೆಲ್ಲ ಅನ್ನ, ಹುಲ್ಲು ಎಲ್ಲಿಂದ ಬರ್ತಿತ್ತು? ಶತ್ರು ಬಂದಾಗ ಮೊದಲು ಯಾರ ಹೊಲ ತುಳಿದ?

ಚೀನಾದಲ್ಲಿ ಇಂಥ ನೆಲಕ್ಕೆ ಒಂದು ಹೆಸರೇ ಇತ್ತು. ಬೀಜಿಂಗ್ ಸುತ್ತಲಿನ ಪ್ರಾಂತ್ಯವನ್ನು ಚಕ್ರವರ್ತಿಗಳ ಕಾಲದಲ್ಲಿ ಝಿಲಿ ಅಂತ ಕರೀತಿದ್ರು. ಅಂದರೆ 'ನೇರವಾಗಿ ಆಳುವ ನೆಲ'. 1900ರಲ್ಲಿ ವಿದೇಶಿ ಸೈನ್ಯಗಳು ಬೀಜಿಂಗಿಗೆ ನುಗ್ಗಿದ್ದು ಆ ಪ್ರಾಂತ್ಯದ ಊರುಗಳ ಮೂಲಕವೇ. 1928ರಲ್ಲಿ ಸರ್ಕಾರ ರಾಜಧಾನಿಯನ್ನು ನಾನ್‌ಜಿಂಗ್‌ಗೆ ಒಯ್ದಾಗ ಆ ಹೆಸರೂ ಹೋಯಿತು, ಹೆಬೇ ಅಂತಾಯ್ತು. ಇದನ್ನು ಓದಿದಾಗ ನಮಗೆ ಅನಿಸಿದ್ದು, ಅರೆ, ಇದು ನಮ್ಮ ಕಡೆಯ ಕಥೆಯೇ ಅಲ್ವಾ ಅಂತ.

ನಮ್ಮ ನೆಲಕ್ಕೂ ಒಂದು ಹಳೆಯ ಹೆಸರಿದೆ: ಅಷ್ಟಗ್ರಾಮ. ರಾಮಾನುಜಾಚಾರ್ಯರಿಗೆ ಹೊಯ್ಸಳ ವಿಷ್ಣುವರ್ಧನ ಕಾವೇರಿಯ ಎರಡೂ ದಡದ ಊರುಗಳನ್ನು ಬಿಟ್ಟುಕೊಟ್ಟ, ಅದೇ ಅಷ್ಟಗ್ರಾಮ ಅನ್ನೋದು ಪರಂಪರೆಯಿಂದ ಬಂದ ಮಾತು. ಮುಂದೆ ನದಿಯ ಉತ್ತರಕ್ಕೆ ಪಟ್ಟಣ ಅಷ್ಟಗ್ರಾಮ, ದಕ್ಷಿಣಕ್ಕೆ ಮೈಸೂರು ಅಷ್ಟಗ್ರಾಮ ಅಂತ ಎರಡು ತಾಲ್ಲೂಕುಗಳೇ ಇದ್ದವು. ಬ್ರಿಟಿಷ್ ಕಮಿಷನರ್‌ಗಳ ಕಾಲದಲ್ಲಿ ಮೈಸೂರು, ಹಾಸನ ಜಿಲ್ಲೆಗಳನ್ನು ಸೇರಿಸಿ ಅಷ್ಟಗ್ರಾಮ ವಿಭಾಗ ಅಂದರು. ಈಗ ಆ ಹೆಸರು ಹೇಳಿದರೆ ನಮ್ಮೂರಲ್ಲೇ ಯಾರಿಗೂ ಗೊತ್ತಾಗಲ್ಲ. ಆದರೆ ಹಿರಿಯರು ಇವತ್ತೂ ಶ್ರೀರಂಗಪಟ್ಟಣಕ್ಕೆ ಬರೀ 'ಪಟ್ಣ' ಅಂತಾರೆ. ಅವರ ಲೆಕ್ಕದಲ್ಲಿ ಪಟ್ಣ ಅಂದರೆ ಒಂದೇ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಣ ತೆಗೆದುಕೊಂಡರು. ಅಲ್ಲಿಂದ 1799ರವರೆಗೆ, ಸುಮಾರು 190 ವರ್ಷ, ಅದೇ ರಾಜಧಾನಿ. ರಾಜಧಾನಿ ನಿಲ್ಲಬೇಕಾದರೆ ಭತ್ತ ಬೇಕು, ಭತ್ತಕ್ಕೆ ನೀರು ಬೇಕು. ಇಲ್ಲಿ ನಾವು ಇಂಜಿನಿಯರಿಂಗ್ ಹುಡುಗರು ಸ್ವಲ್ಪ ನಿಂತು ನೋಡಬೇಕಾದ ಕೆಲಸ ಇದೆ. ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ, ನೀರಿನ ಮಟ್ಟವನ್ನು ಸ್ವಲ್ಪವೇ ಏರಿಸಿ, ಪಕ್ಕಕ್ಕೆ ನಾಲೆ ತಿರುಗಿಸೋದು. ಪಂಪ್ ಇಲ್ಲ, ಗೇಟಿಗೆ ಮೋಟಾರ್ ಇಲ್ಲ, ಇಳಿಜಾರೇ ಎಲ್ಲ. ಹದಿನೇಳನೇ ಶತಮಾನದ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆ ಇವತ್ತೂ ಹರಿಯುತ್ತಿವೆ. ಬಂಗಾರದೊಡ್ಡಿ ನಾಲೆಯಂತೂ ನದಿಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ದ್ವೀಪದೊಳಗೆ ಹೋಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಲ್ಲಿ ಎರಡು ಮೀಟರ್ ಫ್ಲೂಮ್ ಮುಂದೆ ನಿಂತು ರೀಡಿಂಗ್ ತಗೊಳ್ಳೋ ನಾವು ಒಂದು ಸಲ ಅಲ್ಲಿಗೂ ಹೋಗಿ ಬರಬೇಕು.

ಅನ್ನ ಕೊಟ್ಟ ನೆಲವೇ ಯುದ್ಧವನ್ನೂ ಹೊತ್ತಿತು. ಪಠ್ಯಪುಸ್ತಕದಲ್ಲಿ ಯುದ್ಧ ಅಂದರೆ ಕೋಟೆಯ ಗೋಡೆ, ಅದರಲ್ಲಿ ಬಿದ್ದ ಬಿರುಕು. ಆದರೆ ಕೋಟೆ ಮುಟ್ಟೋಕೆ ಮುಂಚೆ ಸೈನ್ಯ ಎಲ್ಲೋ ಬಿಡಾರ ಹೂಡಲೇಬೇಕು. 1771ರ ಮಾರ್ಚ್‌ನಲ್ಲಿ ಹೈದರಾಲಿ ಮೇಲುಕೋಟೆ ಕಡೆಯಿಂದ ರಾತ್ರೋರಾತ್ರಿ ಪಟ್ಣ ಸೇರೋಕೆ ಹೊರಟ. ತ್ರಿಂಬಕರಾವ್ ಪೇಠೆಯ ಮರಾಠಾ ಸೈನ್ಯ ಬೆನ್ನಟ್ಟಿ ಬಂದು ಚಿನಕುರಳಿ ಹತ್ತಿರ ಅವನ ಸೈನ್ಯವನ್ನು ಚೆಲ್ಲಾಪಿಲ್ಲಿ ಮಾಡಿತು. ಹೈದರ್ ಹೇಗೋ ಪಟ್ಣದೊಳಗೆ ಸೇರಿಕೊಂಡ. ಮೇಲುಕೋಟೆ ಲೂಟಿಯಾಯಿತು. ನಾವು ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ದಾಟೋ ಚಿನಕುರಳಿ ಅದೇ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಬಂದ. ಅರಕೆರೆ ಹತ್ತಿರದ ಕಾಳಗದಲ್ಲಿ ಗೆದ್ದ, ಆದರೆ ಪಟ್ಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಯಾಕೆ ಅಂದರೆ ಶತ್ರುವಿಗೆ ಏನೂ ಸಿಗಬಾರದು ಅಂತ ಟಿಪ್ಪು ದಾರಿಯುದ್ದಕ್ಕೂ ಮೇವು, ಧಾನ್ಯ ಸುಡಿಸಿದ್ದ. ಮಳೆ ಹಿಡಿಯಿತು, ತೋಪು ಎಳೆಯೋ ಎತ್ತುಗಳು ಹಸಿವಿನಿಂದ ಸತ್ತವು. ಕನ್ನಂಬಾಡಿವರೆಗೆ ಹೋದ ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ಪುಸ್ತಕಗಳಲ್ಲಿ ಇದನ್ನು ಟಿಪ್ಪುವಿನ ಜಾಣತನ ಅಂತಾರೆ. ಯುದ್ಧದ ಲೆಕ್ಕದಲ್ಲಿ ಅದು ನಿಜ. ಆದರೆ ಸುಟ್ಟ ಆ ಮೇವು ಯಾರ ಕೊಟ್ಟಿಗೆಯದು? ಆ ವರ್ಷ ಬಿತ್ತನೆಗೆ ಎತ್ತು ಯಾರ ಹತ್ತಿರ ಉಳಿದಿತ್ತು? ರಾಜಧಾನಿ ಉಳಿಯಿತು, ಅದರ ಬೆಲೆಯನ್ನು ಸುತ್ತಲ ಹಳ್ಳಿಗಳು ಕಟ್ಟಿದವು.

ಮರುವರ್ಷ ಫೆಬ್ರವರಿಯಲ್ಲಿ ಅವರು ಮತ್ತೆ ಬಂದರು. ಈ ಸಲ ಬಿಡಾರ ಹೂಡಿದ್ದು ಹಿರೋಡೆಯಲ್ಲಿ, ಅಂದರೆ ಇವತ್ತಿನ ಪಾಂಡವಪುರದಲ್ಲಿ. ಹೈದರ್, ಟಿಪ್ಪು ಕೈಕೆಳಗಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಹತ್ತಿರ ತಂಗುತ್ತಿದ್ದರಿಂದ ಇಂಗ್ಲಿಷರು ಆ ಊರಿಗೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿಟ್ಟಿದ್ದರು. ಪಟ್ಣದ ಸುತ್ತ, ನದಿಯ ಆಚೆಗೂ ಸೇರಿಸಿ, ದಟ್ಟವಾದ ಮುಳ್ಳುಬೇಲಿ ಬೆಳೆಸಲಾಗಿತ್ತು. ಬೇಲಿಯ ಒಳಗೆ ರಾಜಧಾನಿ, ಹೊರಗೆ ನಾವು. ಫೆಬ್ರವರಿ 6ರ ರಾತ್ರಿ ಆ ಬೇಲಿ ದಾಟಿ ದಾಳಿಯಾಯಿತು. ಮಾರ್ಚ್‌ನಲ್ಲಿ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳು. ಆ ಮಕ್ಕಳ ಚಿತ್ರವನ್ನು ಎಷ್ಟೋ ಇಂಗ್ಲಿಷ್ ಕಲಾವಿದರು ಬರೆದರು. ಆ ಕೋಟಿಗಳನ್ನು ಕಂದಾಯವಾಗಿ ಕಟ್ಟಿದ ರೈತನ ಚಿತ್ರ ನಮಗೆಲ್ಲೂ ಸಿಕ್ಕಿಲ್ಲ.

1799ರ ಮೇ 4ರಂದು ಎಲ್ಲ ಮುಗಿಯಿತು. ರಾಜಧಾನಿ ಮೈಸೂರಿಗೆ ಹೋಯಿತು, ದ್ವೀಪ ಕಂಪನಿಯ ಪಾಲಾಯಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನ ಇದ್ದಿರಬಹುದು ಅನ್ನೋದು ಬುಕಾನನ್‌ನ ಅಂದಾಜು. 1800ರಲ್ಲಿ ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಜ್ವರಕ್ಕೆ ಹೆದರಿ ಬ್ರಿಟಿಷ್ ಸೈನ್ಯವೂ ಬೆಂಗಳೂರಿಗೆ ಎದ್ದು ಹೋಯಿತು. ಪಟ್ಣ ಖಾಲಿಯಾದರೂ ಸುತ್ತಲ ಊರುಗಳು ಎಲ್ಲೂ ಹೋಗಲಿಲ್ಲ. ನಾಲೆ ಹರಿಯುತ್ತಿತ್ತು, ನಾಟಿ ನಡೆಯುತ್ತಿತ್ತು. ಹೆಸರುಗಳು ಬದಲಾದವು, ಅತ್ತಿಕುಪ್ಪೆ ಕೃಷ್ಣರಾಜಪೇಟೆ ಆಯಿತು, ಫ್ರೆಂಚ್ ರಾಕ್ಸ್ ಪಾಂಡವಪುರ ಆಯಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ನಾವು ಮಂಡ್ಯ ಜಿಲ್ಲೆಯವರಾದೆವು.

ಅಷ್ಟರಲ್ಲಿ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದು ನಿಂತಿತ್ತು. ತೋಪು ಒಡೆಸಿದ ಅದೇ ಕನ್ನಂಬಾಡಿ ಈಗ ನೀರಿನಡಿಗೆ ಹೋಗಿತ್ತು. ವಿಶ್ವೇಶ್ವರಯ್ಯನವರ ಫೋಟೋ ಮನೆಮನೆಯಲ್ಲಿ ಇರೋದು ಸುಮ್ಮನೆ ಅಲ್ಲ, ಕಬ್ಬು, ಭತ್ತ, ನಮ್ಮ ಸ್ಕೂಲ್ ಫೀಸು ಎಲ್ಲ ಆ ನೀರಿನದೇ.

ಈಗ ರಾಜಧಾನಿ ಬೆಂಗಳೂರು. 1974ರಿಂದ ಕಾವೇರಿ ನೀರು ನಮ್ಮ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಅಲ್ಲಿಗೆ ಏರುತ್ತಿದೆ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಬೆಂಗಳೂರಿನವರು ನೀರು ಕುಡಿಯಬಾರದು ಅಂತ ನಾವು ಹೇಳ್ತಿಲ್ಲ. ನಮ್ಮ ಅಣ್ಣಂದಿರು, ಅಕ್ಕಂದಿರು ಅಲ್ಲೇ ಪಿಜಿಗಳಲ್ಲಿ ಇದ್ದಾರೆ, ಎರಡು ವರ್ಷ ಆದ ಮೇಲೆ ನಾವೂ ಅದೇ ನಲ್ಲಿ ತಿರುಗಿಸೋರು. ಆದರೆ ಮಳೆ ಕೈಕೊಟ್ಟ ವರ್ಷ ನಾಲೆಗೆ ನೀರು ನಿಲ್ಲಿಸಿದಾಗ ಟಿವಿಯಲ್ಲಿ ಬರೋದು ರಸ್ತೆ ತಡೆಯಿಂದ ಟ್ರಾಫಿಕ್ ಜಾಮ್ ಅನ್ನೋ ಸುದ್ದಿ. ಒಣಗಿದ ಪೈರು ಆಮೇಲೆ.

ಆ ರಸ್ತೆಯಲ್ಲಿ ಕೂತು ಮಾತಾಡಿದವರಲ್ಲಿ ಒಬ್ಬರು ನಮ್ಮ ಕ್ಯಾತನಹಳ್ಳಿಯವರೇ, ರೈತಸಂಘದ ಕೆ. ಎಸ್. ಪುಟ್ಟಣ್ಣಯ್ಯನವರು. ಎರಡು ಸಲ ಶಾಸಕರಾದರು, 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಅವರು ವಿಧಾನಸೌಧದೊಳಗೆ ನಿಂತು ಕಬ್ಬಿನ ಬಾಕಿ, ನೀರು, ಬೆಲೆ ಅಂತ ಕೇಳುತ್ತಿದ್ದಾಗ, ಮುಳ್ಳುಬೇಲಿಯ ಹೊರಗಿನವರು ಕೊನೆಗೂ ಒಳಗೆ ಬಂದು ಮಾತಾಡಿದ ಹಾಗಿತ್ತು.

ನಮ್ಮಲ್ಲಿ ಕೆಲವರು ಮುಂದೆ ನೀರಾವರಿ ಇಲಾಖೆಗೆ ಹೋಗ್ತಾರೆ, ಕೆಲವರು ಬೆಂಗಳೂರಿನ ಯಾವುದೋ ಪೈಪ್‌ಲೈನಿಗೆ ಡಿಸೈನ್ ಮಾಡ್ತಾರೆ. ಡ್ರಾಯಿಂಗಿನಲ್ಲಿ ನೀರು ಹೊರಡೋ ಜಾಗಕ್ಕೆ 'ಸೋರ್ಸ್' ಅಂತ ಒಂದು ಸಣ್ಣ ಬಾಣದ ಗುರುತು ಹಾಕಿರ್ತಾರೆ. ಅಲ್ಲಿ ಊರುಗಳಿವೆ. ಮುಂದಿನ ಸಲ ಪಟ್ಣಕ್ಕೆ ಹೋದಾಗ ಗುಂಬಜ್ ನೋಡಿ, ಹಾಗೇ ಬಂಗಾರದೊಡ್ಡಿ ನಾಲೆಯ ಏರಿ ಮೇಲೂ ಸ್ವಲ್ಪ ನಡೆದು ಬನ್ನಿ. ದಾರಿ ಗೊತ್ತಾಗದಿದ್ದರೆ ಗದ್ದೆಯಲ್ಲಿರೋ ಯಾರನ್ನಾದರೂ ಕೇಳಿ, ಹೇಳ್ತಾರೆ.