ಉದುರಿದ ಕಾಯಿ ಹೆಕ್ಕಿ ನೋಡಿ

ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿದವರೆಲ್ಲ ಕತ್ತೆತ್ತಿ ಕೊನೆ ನೋಡ್ತಾರೆ. ನಾನು ಮೊದಲು ಮರದ ಬುಡ ನೋಡೋದು. ಅಷ್ಟೆತ್ತರದ ಕೊನೆಯಲ್ಲಿ ಏನಾಗ್ತಿದೆ ಅಂತ ಕೆಳಗೆ ಬಿದ್ದ ಕಾಯಿಯೇ ಹೇಳುತ್ತೆ.

ಬಿದ್ದದ್ದೆಲ್ಲ ಕೊಳೆ ಅಲ್ಲ. ಎಳೆ ಕಾಯಿ ಮೇಲೆ ಸೂಜಿ ಚುಚ್ಚಿದ ಹಾಗೆ ಚುಕ್ಕೆ ಇದ್ದರೆ ಅದು ರಸ ಹೀರುವ ತಿಗಣೆ ಕೆಲಸ. ಕಾಯಿ ಸೀಳಿದ್ದರೆ ಮೊದಲು ಬಸಿಗಾಲುವೆ ಕಟ್ಟಿಕೊಂಡಿದೆಯಾ ನೋಡಿ. ಕೊಳೆಯ ಗುರುತು ಬೇರೆ: ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂಥ ಕಡು ಹಸಿರು ಕಲೆ, ಕಾಯಿಗೆ ಹೊಳಪಿಲ್ಲ. ಆಮೇಲೆ ಬಿಳಿ ಬೂಸ್ಟು. ಬೂಸ್ಟು ಬಂದ ಮೇಲೆ ದಾರಿಹೋಕರಿಗೂ ಕಾಣುತ್ತೆ ಬಿಡಿ.

ಮೊದಲ ಬೋರ್ಡೋ ಹೊಡೆದು ಇವತ್ತಿಗೆ 43 ದಿನ. 40-45 ದಿನಕ್ಕೆ ಎರಡನೆಯದು ಬೀಳಬೇಕು. ಪುಷ್ಯ ಮಳೆ ಹೊಳವೇ ಕೊಡ್ತಿಲ್ಲ. ಕೊನೆಗಾರ ಬೇರೆ ಹೇಳಿಬಿಟ್ಟ, "ಗೌಡ್ರೇ, ಗುರುವಾರ ಒಂದಿನ ಬರ್ತೀನಿ, ಆಮೇಲೆ ಹದಿನೈದು ದಿನ ನನ್ನ ಕೇಳ್ಬೇಡಿ." ಒಂದು ದಿನಕ್ಕೆ ಆಗೋದು ಅರ್ಧ ತೋಟ. ಯಾವ ಅರ್ಧ? ಮನೆ ಕಡೆಯದಾದರೆ ಡ್ರಮ್ಮು, ಪೈಪು ಎಳೆಯೋದು ಸುಲಭ. ಅಪ್ಪನ ಕಾಲದಿಂದ ಅಲ್ಲಿಂದಲೇ ಶುರು.

ಅದಕ್ಕೇ ನಾಲ್ಕು ದಿನದಿಂದ ಸಾಲು ಸಾಲು ಹೆಕ್ಕಿ, ಬೇರೆ ಬೇರೆ ಬುಟ್ಟಿಗೆ ಹಾಕಿ ಎಣಿಸಿದೆ. ಮನೆ ಕಡೆ ಮೂರು ಸಾಲಿನಲ್ಲಿ 9 ಕಾಯಿ, ಒಂದಕ್ಕೂ ಕಲೆ ಇಲ್ಲ. ಹಳ್ಳದ ಕಡೆ, ಹಲಸಿನ ಮರದ ನೆರಳು ಬೀಳುವ ಮೂರು ಸಾಲಿನಲ್ಲಿ 26. ಅದರಲ್ಲಿ 11ಕ್ಕೆ ತೊಟ್ಟಿನ ಬಳಿ ಕಲೆ. ಅಲ್ಲಿ ಗಾಳಿ ಆಡಲ್ಲ, ಮಳೆ ನಿಂತು ಎರಡು ಗಂಟೆಯಾದರೂ ಸೋಗೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತೆ. ಕೆಲಸಕ್ಕೆ ಬರುವ ಅಕ್ಕ ಕಾಯಿ ಮೂಗಿನ ಹತ್ತಿರ ಹಿಡಿದು, "ಇದು ಶುರುವಾಗಿದೆ ಕಣ್ರೀ" ಅಂದರು. ಅವರ ಮೂಗಿನ ಮೇಲೆ ನನಗೆ ನನ್ನ ಕನ್ನಡಕಕ್ಕಿಂತ ನಂಬಿಕೆ.

ಹೆಕ್ಕಿದ್ದನ್ನ ಸುಡಿ ಅಂತಾರೆ. ಈ ಮಳೆಯಲ್ಲಿ ಒಲೆಯೇ ಹತ್ತಲ್ಲ, ಇದನ್ನ ಎಲ್ಲಿ ಸುಡೋದು? ತೋಟದಿಂದ ದೂರ ಗುಂಡಿ ತೆಗೆದು ಹೂತೆ.

ಗುರುವಾರ ಹಳ್ಳದ ಕಡೆಯಿಂದಲೇ ಶುರು. ಪೈಪು ಸಾಲದು, ಪಕ್ಕದ ತೋಟದಿಂದ ಕೇಳಿ ತಂದಿದ್ದೇನೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ ಆಮೇಲೆ ಬೆರೆಸೋದು. ಬೆರೆಸಿದ ಮೇಲೆ ತುಕ್ಕಿಲ್ಲದ ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಅವಸರದಲ್ಲಿ ಇದನ್ನ ಬಿಡಬೇಡಿ, ಸುಣ್ಣ ಎಲ್ಲಾ ಸಲ ಒಂದೇ ಥರ ಸಿಗಲ್ಲ.

ಹಳ್ಳದಾಚೆ ತೋಟದವರು ನಾಳೆ ಅಂಚಿನ ಸಾಲು ಒಮ್ಮೆ ಹೆಕ್ಕಿ, ಎಷ್ಟಕ್ಕೆ ಕಲೆ ಇದೆ ತಿಳಿಸಿ. ನಮಗೂ ನಿಮಗೂ ಮಧ್ಯೆ ಇರೋದು ಆರಡಿ ನೀರು ಅಷ್ಟೇ.