ಅಷ್ಟಮಿಯ ಕಡಲು

ಮಾವಳ್ಳಿಯಲ್ಲಿ ಹುಟ್ಟಿ ಬೆಳೆದ ನಮಗೆ ನೀರೆಂದರೆ ಒಂದು ಮನೆಯ ನಲ್ಲಿ, ಇನ್ನೊಂದು ಲಾಲ್‌ಬಾಗ್ ಕೆರೆ. ಅಂಥ ಮನೆಗೆ ಮಗ ಅಂಡಮಾನ್ ಪ್ರವಾಸದ ಸುದ್ದಿ ತಂದ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನನ್ನಾಕೆ ಸಮುದ್ರಕ್ಕೆ ಕಾಲಿಟ್ಟಿಲ್ಲ. "ಯಾವ ಬೀಚ್ ಅಂತ ನೀವೇ ಆರಿಸಿ ಅಪ್ಪಾ, ಸೈನ್ಸ್ ಮೇಷ್ಟ್ರಲ್ವಾ?" ಎಂದು ಮಗ ಫೋಟೋಗಳನ್ನು ಮುಂದಿಟ್ಟ. ಎಲ್ಲವೂ ಚೆಂದವೇ. ನನ್ನ ಕಣ್ಣು ಮಾತ್ರ ಪ್ರತಿ ಚಿತ್ರದಲ್ಲೂ ಅಲೆಯಿಲ್ಲದ ಜಾಗವನ್ನು ಹುಡುಕುತ್ತಿತ್ತು.

ಅದಕ್ಕೆ ಕಾರಣವಿದೆ. 1998ರಲ್ಲಿ ಒಂಬತ್ತನೇ ತರಗತಿಯ ಹುಡುಗರನ್ನು ಕರಾವಳಿಗೆ ಕರೆದೊಯ್ದಿದ್ದೆ. ಎಲ್ಲೆಡೆ ಅಲೆ ನೊರೆಯೆದ್ದು ಒಡೆಯುತ್ತಿತ್ತು. ನಡುವೆ ಒಂದು ಪಟ್ಟಿ ನೀರು ಮಾತ್ರ ಶಾಂತವಾಗಿತ್ತು. "ಅಲ್ಲಿ ಇಳೀರೋ, ಅಲ್ಲಿ ಅಲೆ ಇಲ್ಲ" ಎಂದವನು ನಾನೇ. ಎರಡೇ ನಿಮಿಷದಲ್ಲಿ ಒಬ್ಬ ಹುಡುಗ ಒಳಕ್ಕೆ ಕೊಚ್ಚಿಕೊಂಡು ಹೋಗುತ್ತಿದ್ದ. ಬಲೆ ಸರಿಪಡಿಸುತ್ತಿದ್ದ ಮೀನುಗಾರರೊಬ್ಬರು ಧುಮುಕಿ ಅವನನ್ನು ಹಿಡಿದು, ನೇರ ದಡದತ್ತ ಬಾರದೆ, ದಡದ ಗುಂಟ ಅಡ್ಡಕ್ಕೆ ಈಜಿ ಹೊರತಂದರು. "ಮಾಸ್ತರೇ, ಅಲೆ ಇಲ್ಲದಲ್ಲೇ ಸೆಳವು ಇರೂದು" ಎಂದರು, ಅಷ್ಟೆ.

ದಡಕ್ಕೆ ಬಂದ ನೀರು ಹಿಂದಿರುಗಲೇಬೇಕು. ಮರಳ ದಿಬ್ಬಗಳ ನಡುವೆ ಆಳವಾದ ಕಾಲುವೆ ಸಿಕ್ಕರೆ ಅದರಲ್ಲಿ ಒಟ್ಟಾಗಿ ರಭಸದಿಂದ ಹಿಂದಿರುಗುತ್ತದೆ. ಆಳವಿದ್ದಲ್ಲಿ ಅಲೆ ಸುಲಭವಾಗಿ ಒಡೆಯದು. ಬಿ.ಎಸ್ಸಿ.ಯಲ್ಲಿ ಅಲೆಯ ಸೂತ್ರ ಬರೆದು ಪಾಸಾದವನಿಗೆ ಇದು ಹೊಳೆದಿರಲಿಲ್ಲ. ಆಮೇಲೆ ನಾನು ಯಾರನ್ನೂ ಸಮುದ್ರಕ್ಕೆ ಕರೆದೊಯ್ಯಲಿಲ್ಲ, ಹೆಂಡತಿಯನ್ನೂ. ಕಾರಣ ಮಾತ್ರ ಹೇಳಿರಲಿಲ್ಲ.

ಮಗನ ಆಸೆ ರಾಧಾನಗರ ತೀರದ ಮೇಲೆ. ಅದಿರುವುದು ಹಿಂದೆ ಹ್ಯಾವ್‌ಲಾಕ್ ಎನ್ನುತ್ತಿದ್ದ, 2018ರಿಂದ ಸ್ವರಾಜ್ ದ್ವೀಪವೆನಿಸಿದ ನಡುಗಡ್ಡೆಯಲ್ಲಿ. 2004ರಲ್ಲಿ 'ಟೈಮ್' ಪತ್ರಿಕೆ ಅದನ್ನು ಏಷ್ಯಾದಲ್ಲೇ ಶ್ರೇಷ್ಠವೆಂದಿತ್ತು. ಪಶ್ಚಿಮಕ್ಕೆ ಮುಖ, ಸೂರ್ಯಾಸ್ತ ಸೊಗಸು. ಆದರೆ ತೆರೆದ ಕಡಲು. 2010ರಲ್ಲಿ ಅಲ್ಲೇ ಸಮೀಪ ಮೊಸಳೆಯೊಂದು ಪ್ರವಾಸಿಯೊಬ್ಬರನ್ನು ಕೊಂದಿತ್ತು. ಪಕ್ಕದ ಶಹೀದ್ ದ್ವೀಪದ ಭರತ್‌ಪುರ ತೀರದ ಮುಂದೆ ಹವಳದ ದಿಬ್ಬವಿದೆ. ಅಲೆಯ ಬಲ ಅಲ್ಲೇ ಮುರಿಯುತ್ತದೆ, ಒಳಗೆ ನೀರೂ ಆಳವಿಲ್ಲ. ಇದೂ ಶಾಂತವೇ, ಆದರೆ ಈ ಶಾಂತಿಗೆ ಕಾರಣ ಗೊತ್ತಿದೆ. ಸೂರ್ಯಾಸ್ತಕ್ಕೆ ರಾಧಾನಗರದ ಮರಳು, ಕಾಲಿಡಲು ಭರತ್‌ಪುರ ಎಂದು ತೀರ್ಮಾನಿಸಿದೆ.

ದಿನ ಯಾವುದೆಂದು ಗೊತ್ತುಮಾಡಲು ಪಂಚಾಂಗ ತೆಗೆದೆ. ನನ್ನಾಕೆಗೆ ಆಶ್ಚರ್ಯ.

"ಏನ್ರೀ, ನಿಮಗೂ ಮುಹೂರ್ತ ಬೇಕಾಯ್ತೇ?"

"ಅಷ್ಟಮಿ-ನವಮಿ ಹುಡುಕ್ತಿದೀನಿ."

"ಅಯ್ಯೋ! ಅಷ್ಟಮಿ-ನವಮೀಲಿ ಯಾರಾದ್ರೂ ಪ್ರಯಾಣ ಹೊರಡ್ತಾರಾ?"

ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದಾಗಿ ಉಬ್ಬರವಿಳಿತ ದೊಡ್ಡದು. ಅಷ್ಟಮಿಯ ಹೊತ್ತಿಗೆ ಅವು ಲಂಬಕೋನದಲ್ಲಿರುವುದರಿಂದ, ಅದರ ಆಸುಪಾಸಿನಲ್ಲಿ ಚಿಕ್ಕದು ಎಂದು ಪಾಠ ಮಾಡಿದೆ. ಹೇಳುತ್ತ ಹೇಳುತ್ತ 1998ರ ಹುಡುಗನ ಕಥೆಯೂ ಬಾಯಿಂದ ಬಂತು. ಅವಳು ಬಹಳ ಹೊತ್ತು ಸುಮ್ಮನಿದ್ದಳು.

"ನನಗೆ ಖರ್ಚು ಮಾಡೋಕೆ ಮನಸ್ಸಿಲ್ಲ ಅಂದ್ಕೊಂಡಿದ್ದೆ" ಎಂದಳು ಕೊನೆಗೆ.

ಪಂಚಾಂಗವನ್ನು ತನ್ನತ್ತ ಎಳೆದುಕೊಂಡು, ಹೊರಡುವುದು ಸಪ್ತಮಿಗೆ, ನೀರಿಗಿಳಿಯುವುದು ನವಮಿಗೆ ಎಂದು ಅವಳೇ ಪೆನ್ಸಿಲಿನಲ್ಲಿ ಗುರುತು ಹಾಕಿದಳು.

"ಮೊದಲು ನೀವು ಇಳೀರಿ. ಕೈ ಮಾತ್ರ ಬಿಡಬೇಡಿ."